ಪ್ಲಗ್ಗಿನ ಕಿಲುಬು

ಪ್ಲಗ್ಗಿನ ರಬ್ಬರ್ ಮುಚ್ಚಳ ಬಿಚ್ಚಿದ ವೈರಿಂಗ್ ಮೇಸ್ತ್ರಿ ಇನಾಯತನಿಗೆ ಮತ್ತದೇ ಹಸಿರು ಕಿಲುಬು ಕಂಡಿತು. ಟ್ರ್ಯಾಕ್ಟರಿನಿಂದ ಟ್ರೇಲರಿನ ಹಿಂದಿನ ದೀಪಕ್ಕೆ ಕರೆಂಟು ದಾಟುವುದು ಇಲ್ಲಿಂದಲೇ; ಇಲ್ಲಿ ಕಿಲುಬು ಹಿಡಿದರೆ ದೀಪ ಆರುತ್ತದೆ. ಹೋದ ತಿಂಗಳಷ್ಟೇ ಅದರ ಹಿತ್ತಾಳೆ ಪಿನ್ನುಗಳನ್ನು ಪಾಲಿಶ್ ಕಾಗದದಿಂದ ಉಜ್ಜಿ, ಗ್ರೀಸು ಸವರಿ, ಬಿಗಿಯಾಗಿ ಮುಚ್ಚಿದ್ದ. ಅಬ್ಬಿಗೇರಿಯ ಉಳಿದ ಟ್ರೇಲರುಗಳಲ್ಲಿ ಅದೇ ಗ್ರೀಸು ವರ್ಷಗಟ್ಟಲೆ ತಾಳಿತ್ತು. ಮಳೆನೀರು ಹೊಕ್ಕಿತೆನ್ನಲು ಮಳೆ ಬಿದ್ದಿರಲಿಲ್ಲ. ಗೊಬ್ಬರದ ಪುಡಿ ತಿಂದಿತೆನ್ನಲು ಈ ತಿಂಗಳು ಗೊಬ್ಬರವನ್ನೇ ಹೇರಿಲ್ಲವೆಂದು ಟ್ರೇಲರಿನ ಒಡೆಯ ಕಲ್ಲೇಶ ಆಣೆ ಮಾಡಿದ.

"ಇನಾಯತಣ್ಣಾ, ಖರೇ ಹೇಳು. ನಾವು ತಿರಗಿ ಕರೀಲಿ ಅಂತ ಅರ್ಧಾ ಕೆಲಸ ಬಿಟ್ಟಿರ್ತಿಯೇನು?"

ಚೇಷ್ಟೆಯಂತೆ ಕೇಳಿದರೂ ಕಲ್ಲೇಶ ನಗಲಿಲ್ಲ. ಇನ್ನೊಮ್ಮೆ ಹಿಂಗಾದರೆ ಗಜೇಂದ್ರಗಡದ ಮೇಸ್ತ್ರಿಯನ್ನು ಕರೆಸುವುದಾಗಿ ಹೇಳಿ ಒಳಗೆ ಹೋದ. ಇನಾಯತ ಸಿಟ್ಟಾಗಲಿಲ್ಲ. ಕಲ್ಲೇಶನ ಅಣ್ಣ ಹನುಮಪ್ಪ ಬೈಕಿನಲ್ಲಿ ಬರುವಾಗ, ಶಿರೋಳದ ದಾರಿಯಲ್ಲಿ ದೀಪವಿಲ್ಲದೆ ನಿಂತಿದ್ದ ಯಾರದೋ ಟ್ರೇಲರಿಗೆ ಗುದ್ದಿ ತೀರಿಕೊಂಡಿದ್ದ. ಅಂದಿನಿಂದ ಈ ಮನೆಯಲ್ಲಿ ಹಿಂದಿನ ದೀಪವೆಂದರೆ ಬರೀ ದೀಪವಾಗಿರಲಿಲ್ಲ. ಹನುಮಪ್ಪ ಇನಾಯತನ ಜೊತೆ ಓದಿದವನು.

ತಾನೇ ಏನನ್ನೋ ಮರೆತೆನೇ ಎಂದು ಯೋಚಿಸುತ್ತ ಅವನು ಪಿನ್ನುಗಳನ್ನು ಮತ್ತೆ ಬೆಳಗಿ ಹೊಸ ಗ್ರೀಸು ಹಚ್ಚಿದ. ಮುಚ್ಚಳ ಹಾಕುವಷ್ಟರಲ್ಲಿ ಕಲ್ಲೇಶನ ತಾಯಿ ಸಕ್ರವ್ವ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ತಟ್ಟೆಯಲ್ಲಿ ಕುಂಕುಮ ಸವರಿದ ಲಿಂಬೆಹಣ್ಣಿನ ಎರಡು ಹೋಳುಗಳಿದ್ದವು.

"ತಡಿಯಪಾ, ಮುಚ್ಚಬ್ಯಾಡ. ಅಮಾಸಿಗೊಮ್ಮೆ ಇದರ ಬಾಯಾಗ ಲಿಂಬಿಹಣ್ಣ ಹಿಂಡತೀನಿ. ನನ್ನ ಹನುಮಗ ಆದದ್ದು ಮತ್ತೊಬ್ಬರ ಮಗಗ ಆಗಬಾರದು."

ಇನಾಯತನ ಕೈ ನಿಂತಿತು. ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ ಎಂದು ಹೇಳಲು ಒಂದು ಮಾತು ಸಾಕಿತ್ತು; ಕಲ್ಲೇಶನ ಅನುಮಾನವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಾತನ್ನು ಎಲ್ಲಿಂದ ಹಿಡಿದು ಶುರು ಮಾಡಿದರೂ, ದೀಪ ಆರಿಸುತ್ತಿರುವವಳು ನೀನೇ ಎಂಬಲ್ಲಿಗೇ ಹೋಗಿ ನಿಲ್ಲುತ್ತಿತ್ತು.

"ಯವ್ವಾ..." ಎಂದ.

"ಆದರೂ ಯಾಕ ಆರತೈತಿ? ನಾ ಎಲ್ಲೆರ ತಪ್ಪಿದ್ನೇನು?" ಸಕ್ರವ್ವ ಒಂದು ಹೋಳನ್ನು ಅವನ ಕೈಗಿಟ್ಟಳು. "ಈ ಸಲ ನೀನ ಹಿಂಡು. ಇದರ ಒಳಗಿಂದು ನಿನಗ ಗೊತ್ತೈತಿ."

ಕಲ್ಲೇಶ ಬಾಗಿಲಿಗೆ ಬಂದು ನಿಂತಿದ್ದ. ಸಕ್ರವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಇನಾಯತ ಎಡ ಅಂಗೈಯನ್ನು ಪ್ಲಗ್ಗಿನ ಬಾಯಿಗೆ ಅಡ್ಡಲಾಗಿ ಒತ್ತಿ ಹಿಡಿದು, ಆ ಕೈಯ ಮೇಲೆಯೇ ಹೋಳನ್ನು ಹಿಂಡಿದ. ಕೆಂಪು ರಸ ಅವನ ಬೆರಳುಗಳ ಗೀರುಗಳನ್ನು ಉರಿಸುತ್ತ ಮೊಣಕೈವರೆಗೆ ಹರಿದು, ಅಂಗಳದ ಎರೆಮಣ್ಣಿಗೆ ಹನಿ ಹನಿಯಾಗಿ ಇಳಿಯಿತು.