ಅಂಬ್ರಪ್ಪನ ಮೊಸಳೆ ಗಾಯ

ದೋರನಹಳ್ಳಿಯ ಅಂಬ್ರಪ್ಪನನ್ನು ಹದಿನೆಂಟು ಮೊಳದ ಮೊಸಳೆಯೊಂದು ಕಾಲುವೆಯಲ್ಲಿ ಎದೆಯವರೆಗೆ ನುಂಗಿತು. ಅವನು ಒಳಗಿನಿಂದಲೇ ಎರಡು ಸಲ ಒದ್ದ. ಮೂರನೆಯ ಒದೆಗೆ ಮೊಸಳೆಯ ಕಣ್ಣಲ್ಲಿ ನೀರು ಬಂತು. ಅವನನ್ನು ದಂಡೆಗೆ ಉಗುಳಿ, "ನಿನ್ನಂಥ ಗಂಡಸನ್ನ ಕಂಡಿಲ್ಲೋ ಮಾರಾಯ" ಎನ್ನುವಂತೆ ತಲೆ ಬಾಗಿಸಿ ಮುಳುಗಿತು.

ಹೀಗೆಂದು ಹೇಳಿದವನು ಅಂಬ್ರಪ್ಪನೇ. ಕಾಲುವೆಗೆ ನೀರು ಬಂದು ನಾಲ್ಕು ವರ್ಷವಾಗಿತ್ತು. ತೂಬಿನ ಬಾಗಿಲು ಎತ್ತಿ ಇಳಿಸುವುದು ಅವನ ಕೆಲಸ. ಆ ನಾಲ್ಕು ವರ್ಷದಲ್ಲಿ ಕೃಷ್ಣಾ ನದಿ ಅವನ ಮಾತು ಕೇಳದೆ ಒಂದು ಹನಿಯೂ ಹರಿದಿರಲಿಲ್ಲ ಎಂಬುದು ಅವನ ಲೆಕ್ಕ. ಅಂಥವನು ಮೂರು ದಿನ ಕಾಣೆಯಾಗಿ, ಎಂದೂ ಬಿಡದ ಧೋತರ ಬಿಟ್ಟು, ಚೌಕಳಿ ಲುಂಗಿಯನ್ನು ಎರಡು ಬೆರಳಲ್ಲಿ ಮುಂದಕ್ಕೆ ಎತ್ತಿ ಹಿಡಿದು, ಕಾಲು ಅಗಲಿಸಿ ನಡೆಯುತ್ತ ಬಂದರೆ ಜನ ಕೇಳದೆ ಬಿಡುತ್ತಾರೆಯೇ?

ಹೋಟೆಲಿನ ಕಟ್ಟೆಯ ಮೇಲಿದ್ದ ಬಸವಂತ್ರಾಯ ಕೇಳಿಯೇ ಬಿಟ್ಟ. "ಏನಾತೋ ಅಂಬ್ರ್ಯಾ? ಬಸುರಿ ಹೆಂಗಸು ನಡದಂಗ ನಡ್ಯಾಕತ್ತಿ?"

ಅಂಬ್ರಪ್ಪನ ಬಾಯಿಗೆ ಮೊಸಳೆ ತಾನಾಗಿಯೇ ಬಂತು.

ನಿಜ ಬೇರೆಯಿತ್ತು. ಅವನಿಗೆ ಸಕ್ಕರೆ ಕಾಯಿಲೆ. ಮೂರು ವರ್ಷದಿಂದ ಮೂತ್ರಕ್ಕೆ ಕೂತರೆ ಕಣ್ಣಲ್ಲೇ ಹೆಚ್ಚು ನೀರು ಬರುತ್ತಿತ್ತು. ಹೆಂಡತಿ ತಿಮ್ಮವ್ವ ಮಗಳ ಬಾಣಂತನಕ್ಕೆಂದು ದೇವಾಪುರಕ್ಕೆ ಹೋದದ್ದೇ ತಡ, ಅವನು ಕದ್ದು ದವಾಖಾನೆಗೆ ಹೋದ.

"ಮುಂದಿನ ಚರ್ಮ ಬಿಗಿದು ಹುಣ್ಣಾಗೇದ. ಸಕ್ಕರಿ ಕಾಯಿಲಿ ಇದ್ದವರಿಗೆ ಹಿಂಗ ಆಗ್ತದ. ತೆಗೀಬೇಕು" ಎಂದರು ಡಾಕ್ಟರು.

"ಅಂದ್ರ ಮುಸಲ್ಮಾನರು ಮಾಡಿಸೂ ಸುಂತಿ ಏನ್ರಿ?"

"ಅವರು ದೇವರಿಗೆ ನಡಕೊಂಡು ಮಾಡಿಸ್ತಾರ, ನೀ ರೋಗಕ್ಕ ಮಾಡಿಸ್ತಿ. ಚರ್ಮಕ್ಕ ಎರಡೂ ಒಂದ."

ಅವನಿಗೆ ಒಂದಾಗಿ ಕಾಣಲಿಲ್ಲ. ಊರಿಗೆ ತಿಳಿದರೆ ಜಾತಿ ಕೆಟ್ಟವನೆಂದಾರು, ಪಂಕ್ತಿಯಿಂದ ಎಬ್ಬಿಸಿಯಾರು ಎಂದು ಲೆಕ್ಕ ಹಾಕಿದ. ಆದರೂ ನೋವು ಜಾತಿಗಿಂತ ದೊಡ್ಡದಾಗಿತ್ತು, ಒಪ್ಪಿಕೊಂಡ.

ಮೊಸಳೆ ಮಾತ್ರ ಅವನ ಕೈಮೀರಿ ಬೆಳೆಯಿತು. ಸಂಜೆಯ ಹೊತ್ತಿಗೆ ಇಪ್ಪತ್ತನಾಲ್ಕು ಮೊಳವಾಯಿತು. ಮರುದಿನ ಸುರಪುರದ ಸಂತೆಯಲ್ಲಿ ಮರಿ ಹಾಕಿತು. ಅದರ ಮರುದಿನ ಯಾದಗಿರಿಯ ರೈಲು ನಿಲ್ದಾಣದಲ್ಲಿ ಅದನ್ನು ಕಂಡವರೂ ಸಿಕ್ಕರು. ಹೆಂಗಸರು ಬಟ್ಟೆ ಒಗೆಯುವುದನ್ನು ಬಿಟ್ಟರು. ನಾಯಿಗಳು ಕಾಲುವೆಯ ನೀರು ಬಿಟ್ಟು ಹೋಟೆಲಿನ ಚಹಾಕ್ಕೆ ಕಾದು ಕೂತವು. ಸುದ್ದಿ ಕೇಳಿದ ತಿಮ್ಮವ್ವ ಬಾಣಂತಿಯನ್ನು ಬೀಗರಿಗೆ ಒಪ್ಪಿಸಿ, ಅಳುತ್ತ ಓಡಿ ಬಂದಳು. ಅವಳಿಗೂ ಅವನು ಮೊಸಳೆಯನ್ನೇ ಹೇಳಿದ.

ಐದನೆಯ ದಿನ ಭೀಮರಾಯನಗುಡಿ ಕ್ಯಾಂಪಿನಿಂದ ಇಂಜಿನಿಯರ್ ಸಾಹೇಬರ ಜೀಪು ಬಂತು.

"ನಾಳೆಯಿಂದ ನೀರು ಬಂದ್. ಮೊಸಳಿ ಸಿಗೋತನಕ ಗೇಟ್ ಎತ್ತಂಗಿಲ್ಲ" ಎಂದರು ಸಾಹೇಬರು.

ಸೇರಿದವರ ಮುಖ ಬಿಳಿಚಿತು. ಭತ್ತ ಆಗಷ್ಟೇ ಹಾಲುಗಾಳು ಕಟ್ಟಿತ್ತು. ಎಂಟು ದಿನ ನೀರು ತಪ್ಪಿದರೆ ಊರಿಗೆ ಊರೇ ಜೊಳ್ಳು ತೂರಬೇಕು. ಅದರಲ್ಲಿ ಅಂಬ್ರಪ್ಪನ ಒಂದೂವರೆ ಎಕರೆಯೂ ಇತ್ತು.

"ಎಲ್ಲೈತಿ ಗಾಯ? ಹಲ್ಲಿನ ಗುರುತು ನೋಡಿ ಬರಕೋಬೇಕು. ಲುಂಗಿ ಎತ್ತು."

"ಸಾಹೇಬ್ರ, ಗಾಯ ನಾಚಿಕಿ ಸ್ವಭಾವದ್ದೈತ್ರಿ. ನಾಕು ಮಂದ್ಯಾಗ ಹೊರಗ ಬರಂಗಿಲ್ಲ."

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಪಕ್ಕದ ಓಣಿಯ ದಾವಲಬೀ ಬಂದಳು. ಮೂವರು ಗಂಡುಮಕ್ಕಳ, ಏಳು ಗಂಡು ಮೊಮ್ಮಕ್ಕಳ ಸುಂತಿ ಮುಗಿಸಿದ ಮುದುಕಿ. ಒಂದು ಕೈಯಲ್ಲಿ ಬೆಲ್ಲ ತುಪ್ಪ ಹಾಕಿ ಕಲಸಿದ ಮಾಲಿದಿಯ ತಟ್ಟೆ, ಇನ್ನೊಂದರಲ್ಲಿ ಮಲ್ಲಿಗೆ ಹಾರ. ಯಾರೂ ಏನೂ ಅನ್ನುವ ಮೊದಲೇ ಹಾರವನ್ನು ಅಂಬ್ರಪ್ಪನ ಕೊರಳಿಗೆ ಹಾಕಿದಳು.

"ತಿನ್ನೋ ನನ್ನಪ್ಪ. ತುಪ್ಪ ಬಿದ್ರ ಲಗೂ ಮಾಯ್ತದ. ನಿನ್ನೆ ನೀ ನಡ್ಯೂದು ನೋಡಿದೆ. ಹತ್ತು ಮಂದಿನ ಹಂಗ ನಡಿಸೀನಿ, ನನಗ ಗೊತ್ತಾಗಂಗಿಲ್ಲೇನು?"

ಬಸವಂತ್ರಾಯನ ಬಾಯಿ ತೆರೆದೇ ಉಳಿಯಿತು. "ಅಂದ್ರ... ಇವ ನಿಮ್ಮ ಜಾತಿಗೆ ಬಂದಾನೇನು ದಾವಲವ್ವ?"

"ಇಷ್ಟಕ್ಕ ಬರೂದಿದ್ರ ನನ್ನ ಮಗ ಸರದಾರಸಾಬ ದಿನಾ ಐದು ಹೊತ್ತು ನಮಾಜಿಗೆ ಯಾಕ ಏಳಬೇಕು, ತಿಂಗಳಪೂರ್ತಿ ರೋಜಾ ಉಪಾಸ ಯಾಕ ಇರಬೇಕು? ಜಾತಿ ಅನ್ನೂದು ಅಷ್ಟು ಸಣ್ಣ ಜಾಗಾದಾಗ ಇರ್ತದೇನೋ ಖೋಡಿ?"

ಜನ ನಕ್ಕರು. ತಿಮ್ಮವ್ವ ನಗಲಿಲ್ಲ. "ಯಾವುದೋ ದೇಶದಾಗ ಹೆಣ್ಣಮಕ್ಕಳಿಗೂ ಕೊಯ್ತಾರಂತ ರೇಡಿಯೋದಾಗ ಕೇಳಿದ್ದೆ, ಹೌದೇನಬೇ?" ಎಂದಳು.

ದಾವಲಬೀ ಎರಡೂ ಕಿವಿ ಮುಟ್ಟಿಕೊಂಡಳು. "ನಮ್ಮ ಓಣ್ಯಾಗ ಅಂಥಾದ್ದು ಯಾರೂ ಮಾಡಿಲ್ಲವ್ವ. ಯಾರ ಮನ್ಯಾಗೂ ಆಗಬಾರದು."

"ಅದರಿಂದ ಯಾವ ರೋಗನೂ ವಾಸಿಯಾಗಂಗಿಲ್ಲ, ಹೊಸಾವು ಹುಟ್ತಾವ. ಹಡಿಯೂದೂ ಕಠಿಣ ಆಗ್ತದ" ಎಂದರು ಸಾಹೇಬರು. ಅವರ ಹೆಂಡತಿ ಕ್ಯಾಂಪಿನಲ್ಲಿ ನರ್ಸಾಗಿದ್ದರು. ಬಳಿಕ ಅಂಬ್ರಪ್ಪನ ಕಡೆ ತಿರುಗಿದರು. "ಒಂದ ಮಾತು ಹೇಳು. ಮೊಸಳಿ ಇತ್ತೋ, ಇಲ್ಲೋ? ಇತ್ತಂದ್ರ ನೀರು ಬಂದ್."

ಊರಿನ ಭತ್ತವೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಅವನು ಹಾರ ಸರಿಮಾಡಿಕೊಂಡ, ಕೆಮ್ಮಿದ. ಇನ್ನೊಂದು ಮೊಸಳೆ ಬಾಯಿತನಕ ಬಂತು. ಈ ಸಲ ಅವನೇ ಅದನ್ನು ನುಂಗಿಕೊಂಡ.

"ಇಲ್ರಿ ಸಾಹೇಬ್ರ. ಮೊಸಳಿ ಇಲ್ಲ. ದವಾಖಾನ್ಯಾಗ ಕೊಯ್ಸಿಕೊಂಡೀನಿ. ಮೂರು ವರ್ಷದಿಂದ ರೋಗ ಇತ್ತು."

"ಮೂರು ವರ್ಷ?" ತಿಮ್ಮವ್ವ ಹತ್ತಿರ ಬಂದಳು. "ರಾತ್ರೆಲ್ಲಾ ಹೊರಳಾಡ್ತಿದ್ದಿ. ಏನಾಗೇದಂತ ಕೇಳಿದ್ರ ಸೆಕಿ ಅಂತಿದ್ದಿ. ನನಗರ ಯಾಕ ಹೇಳಲಿಲ್ಲ?"

ಅಂಬ್ರಪ್ಪ ನೆಲ ನೋಡಿದ. ಮಾತು ಪಿಸುಮಾತಾಗಿ ಬಂತು.

"ಅಂಜಿದ್ದೆ."

"ಏನಂದಿ?"

"ಅಂಜಿದ್ದೆ ಅಂದೆ! ಸೂಜಿ ನೋಡಿ ಎರಡು ಸಲ ದವಾಖಾನಿ ಬಾಗಿಲದಿಂದ ಓಡಿ ಬಂದೀನಿ. ಮೂರನೇ ಸಲ ಅಲ್ಲಿನ ನರ್ಸಮ್ಮ ನನ್ನ ಕೈ ಹಿಡಕೊಂಡು ಕುಂತಿದ್ಲು. ಅತ್ತೀನಿ. ಸಣ್ಣಗಲ್ಲ, ಜೋರಾಗೇ ಅತ್ತೀನಿ."