ಹನ್ನೊಂದನೆಯ ತಂಗಿ

ಊರಿನ ಹನ್ನೊಂದು ಬಾವಿಗಳ ನೀರನ್ನು ಸೀಸೆಗಳಲ್ಲಿ ತುಂಬಿಸಿ, ನಾರಾವಿಯಿಂದ ಬಸ್ಸು ಹತ್ತಿಸಿ ಮಂಗಳೂರಿಗೆ ಪರೀಕ್ಷೆಗೆ ಕಳಿಸಿದವರು ವಿಜ್ಞಾನದ ಪದ್ಮಯ್ಯ ಮಾಸ್ತರರು. ಅರವತ್ತೆರಡನೆಯ ಇಸವಿಯ ಮಳೆಗಾಲದಲ್ಲಿ ವಾಂತಿಭೇದಿ ಊರಿಗೆ ಒಂದು ಸುತ್ತು ಹಾಕಿ ಹೋಗಿತ್ತು. ಉತ್ತರ ಬಂತು. ಕಾಗದದ ತುಂಬ ಬರೀ ಅಂಕಿ; ಒಂದು ಬಾವಿಯಲ್ಲಿ ಕ್ರಿಮಿ ಇದೆಯೆಂಬುದು ಅದರೊಳಗೇ ಹುದುಗಿತ್ತು.

“ಇದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಗೇ ಓದಿದರೆ ಜನ ಎಲೆಯಡಿಕೆ ಹಾಕಲಿಕ್ಕೆ ಎದ್ದು ಹೋಗ್ತಾರೆ,” ಎಂದರು ಮಾಸ್ತರರು. “ಏನಾದರೂ ಚಂದ ಮಾಡಿ ಹೇಳುವ. ರಾಜೀವಿ, ನಿನ್ನಲ್ಲಿ ಅಜ್ಜಿಯ ಕಥೆಗಳು ಉಂಟಲ್ಲ?”

“ಇವಳ ಕೈಗೆ ಕೊಟ್ಟರೆ ಕ್ರಿಮಿಗೂ ಮದುವೆ ಮಾಡಿಸ್ತಾಳೆ ಸಾರ್,” ಎಂದ ಅವಳ ತರಗತಿಯ ಕಮಲಾಕ್ಷ. ಅಂಕಿಗಳ ಪಟ ಬರೆಯುವ ಕೆಲಸ ಅವನ ಪಾಲಿಗೆ ಬಿತ್ತು.

ರಾಜೀವಿ ಬಾವಿಗಳನ್ನು ಹನ್ನೊಂದು ಮಂದಿ ಅಕ್ಕತಂಗಿಯರನ್ನಾಗಿ ಮಾಡಿದಳು. ಎಲ್ಲರಿಗಿಂತ ಕಿರಿಯವಳ ಹೊಟ್ಟೆಯೊಳಗೆ, ಕಣ್ಣಿಗೆ ಕಾಣದ ಒಬ್ಬಳು ಕೂದಲು ಬಿಚ್ಚಿ ಕುಳಿತಿದ್ದಳು. ನೀರು ಸೇದಿದವರ ಹಿಂದೆಯೇ ಮನೆಗೆ ಬರುತ್ತಿದ್ದಳು. ಕಥೆಯ ಕೊನೆಯಲ್ಲಿ ಬ್ಲೀಚಿಂಗ್ ಪೌಡರ್ ಬರಬೇಕಿತ್ತು. ಮಾಸ್ತರರು ಎರಡೆರಡು ಸಲ ಹೇಳಿದ್ದರು. ಆದರೆ ರಂಗದ ಮೇಲೆ ನಿಂತು, ಸಭೆಯೆಲ್ಲ ಉಸಿರು ಬಿಗಿಹಿಡಿದು ತನ್ನನ್ನೇ ನೋಡುವಾಗ, ಪೌಡರಿನ ಮಾತು ಎತ್ತಿದರೆ ಕಥೆಯ ರುಚಿಯೇ ಕೆಡುತ್ತದೆ ಎನ್ನಿಸಿತು ಅವಳಿಗೆ. ಅಷ್ಟಕ್ಕೇ ನಿಲ್ಲಿಸಿ ಕೈಮುಗಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಪಟದ ಹತ್ತಿರ ಯಾರೂ ಸುಳಿಯಲಿಲ್ಲ.

ಕಿರಿಯ ತಂಗಿ ಯಾರೆಂದು ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಡ್ಡದ ಬುಡದ ಅಮ್ಮಣ್ಣಿಯ ಬಾವಿಯೇ ಎಲ್ಲಕ್ಕಿಂತ ಈಚಿನದು. ವಾರದೊಳಗೆ ಊರವರು ಬಲ್ಲವರಲ್ಲಿ ಕವಡೆ ಹಾಕಿಸಿ ಪ್ರಶ್ನೆ ಇಡಿಸಿದರು. ಒಳಗೆ ಹೆಣ್ಣೊಬ್ಬಳು ಇರುವುದು ಹೌದೆಂದು ಅಲ್ಲಿಯೂ ಬಂತು. ನಾಲ್ಕು ಜನ ಸೇರಿ ಬಾವಿಯ ಬಾಯಿಗೆ ಚಪ್ಪಡಿ ಎಳೆದರು. ಮಾಸ್ತರರು ಮನೆಮನೆ ತಿರುಗಿ ಅಂಕಿ ವಿವರಿಸಿದರು. ಜನ ಕುಡಿಯಲಿಕ್ಕೆ ಮಜ್ಜಿಗೆ ಕೊಟ್ಟು ಕಳಿಸಿದರು. ರಾಜೀವಿಗೆ ಮಾಸ್ತರರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪೌಡರಿನ ಪೊಟ್ಟಣ ಹಿಡಿದು ಅವಳು ಗುಡ್ಡದ ಬುಡಕ್ಕೆ ಹೋದಾಗ ಅಮ್ಮಣ್ಣಿ ತೋಡಿನ ನೀರಿಗೆ ಹೊರಟಿದ್ದಳು, ಸೊಂಟದಲ್ಲೊಂದು, ಕೈಯಲ್ಲೊಂದು ಕೊಡ.

“ಬಾವಿಯಲ್ಲಿ ಯಾರೂ ಇಲ್ಲ ಅಮ್ಮಣ್ಣಿಯಕ್ಕ. ಅದು ನಾನು ಕಟ್ಟಿದ ಕಥೆ. ಈ ಪುಡಿ ಹಾಕಿದರೆ ನೀರು ಸರಿಯಾಗ್ತದೆ.”

“ಹಾಗೆ ಹೇಳಬೇಡ ಮಗಾ. ನಿನ್ನ ಅಜ್ಜಿ ಸುಳ್ಳು ಕಥೆ ಹೇಳಿದವಳಲ್ಲ,” ಎಂದಳು ಅಮ್ಮಣ್ಣಿ, ಸಿಟ್ಟಿಲ್ಲದೆ. “ಮೊನ್ನೆ ಚಪ್ಪಡಿಯ ಹತ್ತಿರ ಹೋಗಿ ನಿಂತಿದ್ದೆ. ಉಸಿರು ಕೇಳ್ತದೆ.”

ಬೇಸಿಗೆಗೆ ತೋಡು ಬತ್ತುತ್ತದೆ. ಆಮೇಲೆ ಹೊಳೆಗೆ ಒಂದೂವರೆ ಮೈಲಿ. ರಾಜೀವಿ ಅವಳ ಕೈಯಿಂದ ಒಂದು ಕೊಡ ಇಸಿದುಕೊಂಡಳು. ಇಬ್ಬರೂ ಇಳಿಜಾರಿನಲ್ಲಿ ನಡೆದರು.

“ಅವಳು ಅಲ್ಲಿಂದ ಎದ್ದು ಹೋಗುವ ದಾರಿ ಏನಾದರೂ ಉಂಟಾ ಕಥೆಯಲ್ಲಿ?” ಸ್ವಲ್ಪ ದೂರ ಹೋದ ಮೇಲೆ ಅಮ್ಮಣ್ಣಿ ಕೇಳಿದಳು.

ರಾಜೀವಿ ಹೇಳಿದಳು. ಕಿರಿಯ ತಂಗಿಯನ್ನು ನೋಡಲು ಬಂದ ಅಕ್ಕಂದಿರು, ಅವರು ಸೆರಗಿನಲ್ಲಿ ಕಟ್ಟಿ ತಂದ ಬಿಳಿಯ ಪುಡಿ, ಒಂದು ಹಗಲು ಒಂದು ರಾತ್ರಿ ಕಳೆದು ತಿಳಿಯಾದ ನೀರು. ಅಜ್ಜಿಯ ರಾಗದಲ್ಲಿಯೇ ಹೇಳಿದಳು, ಒಂದೂ ಬಿಡದೆ.

ಅಮ್ಮಣ್ಣಿ ಪೂರ್ತಿ ಕೇಳಿ ಸಣ್ಣಗೆ ನಕ್ಕಳು.

“ಅದು ನೀನು ಈಗ ಸೇರಿಸಿದ್ದಲ್ವಾ ಮಗಾ.”