ತಿಂಗಳ ಸಹಿ

ಹೆಣಕ್ಕೆ ನೀರು ಹುಯ್ಯುತ್ತಿದ್ದ ದೊಡ್ಡತಾಯಮ್ಮನ ಕೈಯಿಂದ ಚೊಂಬು ಜಾರಿತು. ಬೇಲಿಯಾಚೆ ಖಾಕಿ ಬಟ್ಟೆ ಕಂಡಿತ್ತು.

"ಸತ್ ಮ್ಯಾಲೂ ಬುಡಾಕಿಲ್ವಾ ನನ್ ತಮ್ಮನ್ನ?" ಎಂದಳು.

ಜಗಲಿಯಲ್ಲಿ ಕೂತಿದ್ದ ವಿಮಲಮ್ಮ ತಲೆ ಎತ್ತಲಿಲ್ಲ. ಗಂಡ ಜವರಯ್ಯ ಬೆಳಗಿನ ಜಾವ ಸತ್ತಾಗಿನಿಂದ ಅವಳು ಅತ್ತಿರಲಿಲ್ಲ. ಯಾರೋ ಕೊಟ್ಟ ಕಾಫಿ ಕೈಯಲ್ಲೇ ತಣ್ಣಗಾಗಿತ್ತು. ಲೋಟ ಕೆಳಗಿಡಬೇಕೆಂದೂ ತೋಚಿರಲಿಲ್ಲ.

ಬಂದವನು ಪೊಲೀಸ್ ಠಾಣೆಯ ದಫೇದಾರ ಚಿಕ್ಕಮಾದು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಸಹಿಗೆ ಬಂದ್ರಾ?" ನೆರೆಮನೆಯ ಚಲುವಯ್ಯ ಕೇಳಿದ.

"ಇಲ್ಲ ಕಣ್ರೀ. ಮಣ್ಣಾಕನ ಅಂತ ಬಂದೆ."

*

ಅಂತರಸಂತೆಯ ರಾಗಿ ಹೊಲದಿಂದ ಮೈಸೂರಿಗೆ ಓದಲು ಹೋದ ಜವರಯ್ಯ, ಅಲ್ಲಿಂದ ಕಲ್ಕತ್ತೆಗೆ ಹೋಗಿ ಒಬ್ಬ ಚೀನೀ ಮುದುಕನ ಬಳಿ ಆರು ವರ್ಷ ಆ ಭಾಷೆ ಕಲಿತ. ಮೈಸೂರಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಮೇಷ್ಟ್ರಾದ. ಎರಡು ಸಾವಿರ ವರ್ಷದ ಹಿಂದಿನ ಚೀನಾದ ಜ್ಞಾನಿಗಳ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದ. ಹನ್ನೊಂದು ನೋಟ್‌ಬುಕ್ಕು ತುಂಬಿದ್ದವು.

ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧ ಬಂತು. ಪೊಲೀಸರು ಬಂದು ನೋಟ್‌ಬುಕ್ಕುಗಳನ್ನು ಗೋಣಿಚೀಲಕ್ಕೆ ತುಂಬಿದರು.

"ಏನ್ರೀ ಇದೆ ಇದ್ರಲ್ಲಿ?"

"ಹೆಂಗೆ ಬದುಕಬೇಕು ಅಂತ ಇದೆ."

ಉಡಾಫೆಯ ಉತ್ತರ ಎಂದು ಬರೆದುಕೊಂಡರು. ಕಾಲೇಜಿನವರು ಇನ್ನು ಬರಬೇಡಿ ಎಂದರು. ಜವರಯ್ಯ ಹೆಂಡತಿಯೊಡನೆ ಊರಿಗೆ ಬಂದು ಉತ್ತ, ಬಿತ್ತಿದ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ, ಊರಲ್ಲೇ ಇದ್ದೇನೆಂದು ಸಹಿ ಹಾಕಿದ. ಹೀಗೆ ಐದು ವರ್ಷ. ಗೋಣಿಚೀಲ ಹಿಂದಕ್ಕೆ ಬರಲಿಲ್ಲ.

"ಮತ್ತೆ ಬರೀಬಾರ್ದಾ?" ಎಂದು ವಿಮಲಮ್ಮ ಒಮ್ಮೆ ಕೇಳಿದ್ದಳು.

"ಯಾರಿಗೆ?" ಎಂದಿದ್ದ. ಆಮೇಲೆ ಮನೆಯಲ್ಲಿ ಆ ಮಾತು ಏಳಲಿಲ್ಲ.

*

ಗುಂಡಿಯ ಹತ್ತಿರ ಚಿಕ್ಕಮಾದು ವಿಮಲಮ್ಮನ ಪಕ್ಕಕ್ಕೆ ಬಂದು ನಿಂತ.

"ಅಮ್ಮೋರೆ, ಸಾಹೇಬ್ರು ಬರೋಗಂಟ ಮೇಷ್ಟ್ರು ಠಾಣೆ ಬೆಂಚಿನ ಮ್ಯಾಲೆ ಕೂತಿರೋರು. ಒಂದಿನ, ಅದೇನ್ ಓದಿದ್ರಿ ಸಾ ಅಂತ ಕೇಳ್ದೆ. ಅವತ್ತಿಂದ ತಿಂಗಳಿಗೊಂದು ಮಾತು ಹೇಳ್ಕೊಡೋರು. ಮೊದ್ಲು ಆ ಭಾಷೇಲಿ, ಆಮ್ಯಾಕೆ ನಮ್ದ್ರಲ್ಲಿ. ಐವತ್ತು ಮಾತು ದಾಟಿತ್ತು."

"ನಂಗೆ ಹೇಳ್ಲಿಲ್ಲ." ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು.

"ಗೊತ್ತಾದ್ರೆ ನನ್ ಕೆಲ್ಸ ಓಯ್ತದೆ ಅಂತ ಅಂಜೋರು."

ವಿಮಲಮ್ಮ ಗುಂಡಿಯನ್ನೇ ನೋಡುತ್ತಿದ್ದಳು. "ಒಂದ್ ಹೇಳಿ," ಎಂದಳು.

ಚಿಕ್ಕಮಾದು ಸುತ್ತ ನೋಡಿದ. ಗಂಟಲು ಸರಿಮಾಡಿಕೊಂಡು, ಗುಂಡಿಯತ್ತ ಬಗ್ಗಿ, ಚೀನೀ ಭಾಷೆಯಲ್ಲಿ ತಡವರಿಸುತ್ತ ಒಂದು ವಾಕ್ಯ ಶುರುಮಾಡಿದ. ನಡುವೆ ತಪ್ಪಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿದ.

ಮಣ್ಣು ಎಳೆಯಲು ನಿಂತಿದ್ದ ಚಲುವಯ್ಯ ಅದೇನೋ ಮಂತ್ರವೆಂದುಕೊಂಡು ಗುದ್ದಲಿ ಕೆಳಗಿಟ್ಟು ಕೈಮುಗಿದ. ಅವನನ್ನು ನೋಡಿ ಒಬ್ಬೊಬ್ಬರಾಗಿ ಊರವರೆಲ್ಲ ಕೈಮುಗಿದರು.